ಮರದ ಗೋಡೆಯ ಶಾಸನಗಳು

ನಮ್ಮ ಭಾಷೆಯಲ್ಲಿ ‘ಶಾಸನ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಆಳುವವರು ಮಾಡುವ ಕಟ್ಟಳೆಯೂ ಶಾಸನವೇ. ಕಲ್ಲಿನ ಮೇಲೆ ಕೊರೆದ ಬರಹವೂ ಶಾಸನವೇ. ಅರಸನ ಅಪ್ಪಣೆಯನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದುದರಿಂದ ಕಲ್ಬರಹಕ್ಕೂ ಅದೇ ಹೆಸರಾಯಿತೆಂದು ತರಗತಿಯಲ್ಲಿ ವಿವರಿಸಿ ನಾವು ಮುಂದಿನ ಪಾಠಕ್ಕೆ ಹೋಗುವುದು ವಾಡಿಕೆ. ಆದರೆ ಈ ಎರಡು ಬಗೆಯ ಶಾಸನಗಳು ಒಂದಕ್ಕೊಂದು ಎದುರಾಗಿ ನಿಂತ ಸ್ಥಳವೊಂದು ಲೋಕದಲ್ಲಿದೆ. ಅಲ್ಲಿ ಒಂದು ಶಾಸನವು ಮನುಷ್ಯರನ್ನು ಕೂಡಿಹಾಕಿತು. ಒಳಗೆ ಸಿಕ್ಕಿದವರು ಮರದ ಗೋಡೆಯ ಮೇಲೆ ಇನ್ನೊಂದನ್ನು ಕೊರೆದರು. ಆ ಗೋಡೆಬರಹಗಳನ್ನು ಸಾಹಿತ್ಯವೆಂದು ಓದುವುದು ಹೇಗೆ ಎಂಬ ಪ್ರಶ್ನೆಯನ್ನು ಉಪಾಧ್ಯಾಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸ್ಥಳ ಅಮೆರಿಕದ ಪಶ್ಚಿಮ ಕರಾವಳಿ, ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯೊಳಗಿನ ಏಂಜಲ್ ದ್ವೀಪ. ೧೮೮೨ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಚೀಣೀ ಕೂಲಿಗಾರರು ದೇಶದೊಳಗೆ ಬರಕೂಡದೆಂದು ಕಾನೂನು ಮಾಡಿತು. ಹತ್ತು ವರ್ಷಕ್ಕೆಂದು ಬಂದ ಕಾನೂನು ಅರುವತ್ತೊಂದು ವರ್ಷ ಉಳಿಯಿತು. ೧೯೪೩ರಲ್ಲಿ ಅದನ್ನು ತೆಗೆದುಹಾಕಿದಾಗಲೂ ಚೀಣೀಯರಿಗೆ ಸಿಕ್ಕಿದ ಪಾಲು ವರ್ಷಕ್ಕೆ ೧೦೫ ಜನ ಮಾತ್ರ. ವರ್ತಕರು, ವಿದ್ಯಾರ್ಥಿಗಳು, ಉಪಾಧ್ಯಾಯರು, ಅಮೆರಿಕದ ಪ್ರಜೆಗಳಾದ ಚೀಣೀಯರ ಮಕ್ಕಳು, ಇವರಿಗೆ ವಿನಾಯಿತಿ ಇತ್ತು. ಆದುದರಿಂದ ಬಂದವನು ಯಾರೆಂದು ಗೊತ್ತುಮಾಡುವುದೇ ಅಧಿಕಾರಿಗಳ ಕೆಲಸವಾಯಿತು. ಅದಕ್ಕಾಗಿ ೧೯೧೦ರ ಜನವರಿ ೨೧ರಂದು ಈ ದ್ವೀಪದಲ್ಲಿ ವಲಸೆ ಠಾಣೆಯೊಂದನ್ನು ತೆರೆದರು. ೧೯೪೦ರ ಆಗಸ್ಟಿನಲ್ಲಿ ಅದರ ಆಡಳಿತ ಕಟ್ಟಡ ಸುಟ್ಟುಹೋಗುವವರೆಗೆ, ಮೂವತ್ತು ವರ್ಷ, ಚೀಣೀಯರನ್ನು ದಿನಗಟ್ಟಲೆ, ವಾರಗಟ್ಟಲೆ, ಕೆಲವರನ್ನು ವರ್ಷ ಮೀರಿಯೂ ಅಲ್ಲಿ ತಡೆದಿಟ್ಟರು. ಗಂಡಸರೂ ಹೆಂಗಸರೂ ಬೇರೆ ಬೇರೆ; ವಿಚಾರಣೆ ಮುಗಿಯುವ ತನಕ ಗಂಡಹೆಂಡಿರೂ ಭೇಟಿಯಾಗುವಂತಿರಲಿಲ್ಲ.

ಆ ಮರದ ಕಟ್ಟಡದ ಗೋಡೆಗಳ ಮೇಲೆ ಇದುವರೆಗೆ ಇನ್ನೂರಕ್ಕೂ ಹೆಚ್ಚು ಚೀಣೀ ಪದ್ಯಗಳು ದೊರೆತಿವೆ. ಅವು ಉಳಿದ ಬಗೆ ವಿಚಿತ್ರವಾದುದು. ಮೊದಮೊದಲು ಬಂಧಿತರು ಮಸಿಯಿಂದ ಬರೆಯುತ್ತಿದ್ದರು. ಅಧಿಕಾರಿಗಳು ಗೋಡೆಗೆ ಬಣ್ಣ ಬಳಿಸಿದರು. ಆಗ ಅವರು ಚಾಕುವಿನಿಂದ ಕೊರೆಯತೊಡಗಿದರು. ಕೊರೆದ ಕುಳಿಗಳಿಗೆ ಮೆತ್ತುಗಾರೆ ತುಂಬಿಸಿ ಮತ್ತೆ ಬಣ್ಣ ಬಳಿದುದಾಯಿತು. ಕಾಲಾಂತರದಲ್ಲಿ ಆ ಗಾರೆ ಕುಗ್ಗಿತು, ಬಣ್ಣ ಬಿರಿಯಿತು, ಅಕ್ಷರಗಳು ಮೇಲೆ ಕಂಡವು. ಅಳಿಸುವುದಕ್ಕೆ ಬಳಿದ ಬಣ್ಣವೇ ಮರವನ್ನು ಕೆಡದಂತೆ ಕಾಪಾಡಿತ್ತು! ೧೯೭೦ರಲ್ಲಿ, ಆ ಕಟ್ಟಡವನ್ನು ಕೆಡವುವ ಯೋಚನೆಯಿದ್ದಾಗ, ಅಲೆಗ್ಸಾಂಡರ್ ವೈಸ್ ಎಂಬ ಉದ್ಯಾನ ರಕ್ಷಕ ಈ ಬರಹಗಳನ್ನು ಗಮನಿಸಿ ಇತರರಿಗೆ ತಿಳಿಸಿದನು. ೧೯೭೬ರಲ್ಲಿ ಅಲ್ಲಿನ ರಾಜ್ಯ ಶಾಸನಸಭೆ ಕಟ್ಟಡದ ರಕ್ಷಣೆಗೆ ಎರಡೂವರೆ ಲಕ್ಷ ಡಾಲರು ಕೊಟ್ಟಿತು. ಹಿಮ್ ಮಾರ್ಕ್ ಲಾಯ್, ಜೆನ್ನಿ ಲಿಮ್, ಜೂಡಿ ಯಂಗ್ ಈ ಮೂವರು ೧೩೫ ಪದ್ಯಗಳನ್ನು ಇಂಗ್ಲಿಷ್ ಅನುವಾದದೊಡನೆ ‘ಐಲೆಂಡ್’ ಎಂಬ ಹೆಸರಿನಲ್ಲಿ ೧೯೮೦ರಲ್ಲಿ ಪ್ರಕಟಿಸಿದರು. ೨೦೧೪ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿದೆ. ಚೀಣೀ ಭಾಷೆಯನ್ನರಿಯದ ನಾವು ಆ ಅನುವಾದ ಹಾಗೂ ಟಿಪ್ಪಣಿಗಳನ್ನು ಆಶ್ರಯಿಸಿಯೇ ಈ ಮಾತುಗಳನ್ನಾಡುತ್ತಿದ್ದೇವೆ.

ಪದ್ಯಗಳು ಹೆಚ್ಚಾಗಿ ನಾಲ್ಕು ಅಥವಾ ಎಂಟು ಸಾಲಿನವು; ಸಾಲಿಗೆ ಐದೋ ಏಳೋ ಅಕ್ಷರಗಳ ಹಳೆಯ ಚೀಣೀ ಕಟ್ಟು. ವಸ್ತುವೂ ಬಹುಮಟ್ಟಿಗೆ ಒಂದೇ: ಸಮುದ್ರಯಾನದ ಕಷ್ಟ, ಮನೆಯ ಸಾಲ, ಮುದಿ ತಾಯ್ತಂದೆಯರ ನೆನಪು, ಮರದ ಮನೆಯ ಸೆರೆ, ದುರ್ಬಲವಾದ ಸ್ವದೇಶದ ಮೇಲಿನ ಮರುಕ, ಮುಂದೊಂದು ದಿನ ಸೇಡು ತೀರಿಸುವ ಆಸೆ. ಛಂದಸ್ಸು ತಪ್ಪುವುದುಂಟು, ಅಕ್ಷರ ತಪ್ಪುವುದುಂಟು, ಒಬ್ಬನ ಮಾತನ್ನು ಇನ್ನೊಬ್ಬನು ಎತ್ತಿಕೊಳ್ಳುವುದಂತೂ ಧಾರಾಳವಾಗಿದೆ. ಕವಿಗಳ ಹೆಸರು ಬಹುತೇಕ ಇಲ್ಲವೇ ಇಲ್ಲ. ಇವನ್ನು ಮಹಾಕಾವ್ಯದ ತಕ್ಕಡಿಯಲ್ಲಿ ತೂಗಿದರೆ ಹಗುರವೆಂದು ಕಾಣುವುದು ಸಹಜ. “ಇತಿಹಾಸಕ್ಕೆ ಆಕರ, ಸಾಹಿತ್ಯಕ್ಕೆ ಅಲ್ಲ” ಎಂದು ಬದಿಗಿಡುವವರೂ ಇರಬಹುದು. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಕಾರಣವನ್ನು ಹೇಳಬೇಕಾದರೆ, ಅದೇ ಕಟ್ಟಡದಲ್ಲಿ ಹುಟ್ಟಿದ ಇನ್ನೊಂದು ಬಗೆಯ ಬರವಣಿಗೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದು ವಿಚಾರಣೆಯ ದಾಖಲೆ.

೧೯೦೬ರ ಭೂಕಂಪದಲ್ಲೂ ಬೆಂಕಿಯಲ್ಲೂ ಸಾನ್ ಫ್ರಾನ್ಸಿಸ್ಕೊ ನಗರದ ಜನನ ದಾಖಲೆಗಳು ನಾಶವಾದವು. ಅನೇಕ ಚೀಣೀಯರು ತಾವು ಅಲ್ಲೇ ಹುಟ್ಟಿದವರೆಂದು ಹೇಳಿ ಪ್ರಜೆಗಳಾದರು. ಊರಿಗೆ ಹೋಗಿ ಬಂದಾಗಲೆಲ್ಲ ಗಂಡುಮಗು ಹುಟ್ಟಿತೆಂದು ಬರೆಸಿದರು. ಹೀಗೆ ಬರೆಸಿಟ್ಟ ಹೆಸರನ್ನು ಇನ್ನೊಬ್ಬ ಹುಡುಗನು ಹಣ ಕೊಟ್ಟು ಪಡೆದು ಹಡಗು ಹತ್ತುತ್ತಿದ್ದನು. ಇವರಿಗೆ ‘ಕಾಗದದ ಮಕ್ಕಳು’ ಎಂದು ಹೆಸರು. ಇದನ್ನು ಬಲ್ಲ ಅಧಿಕಾರಿಗಳು ಪ್ರಶ್ನೆಗಳ ಬಲೆಯನ್ನೇ ಬೀಸಿದರು. ನಿಮ್ಮ ಊರಿನಲ್ಲಿ ಮನೆಗಳೆಷ್ಟು? ನಿಮ್ಮ ಸಾಲಿನ ಮೂರನೆಯ ಮನೆಯಲ್ಲಿ ಯಾರಿದ್ದಾರೆ? ಬಾಗಿಲು ಯಾವ ದಿಕ್ಕಿಗೆ? ಅಕ್ಕಿಯ ಪೆಟ್ಟಿಗೆ ಎಲ್ಲಿದೆ? ಇದೇ ಪ್ರಶ್ನೆಗಳನ್ನು ತಂದೆಗೂ ಕೇಳಿ, ದುಭಾಷಿಯ ಮೂಲಕ ಬಂದ ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಹುಡುಗರು ಉತ್ತರಗಳ ಪುಸ್ತಕವನ್ನು ಹಡಗಿನಲ್ಲಿ ಬಾಯಿಪಾಠ ಮಾಡಿ, ದಡ ಕಾಣುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದರು. ನಿಜವಾದ ಮಗನೂ ಇದನ್ನು ಓದಿಕೊಂಡೇ ಬರಬೇಕಾಗಿತ್ತು. ಏಕೆಂದರೆ ತನ್ನ ಮನೆಯ ಮೆಟ್ಟಿಲು ಎಷ್ಟೆಂದು ಎಣಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಉಪಾಧ್ಯಾಯರಾದ ನಾವು ಪರೀಕ್ಷೆ ಎಂಬುದನ್ನು ಬಲ್ಲೆವು. ಬಲ್ಲವನನ್ನೂ ಅರಿಯದವನನ್ನೂ ಬೇರ್ಪಡಿಸಲಾರದ ಪರೀಕ್ಷೆ ಇದ್ದರೆ ಅದು ಇದು.

ಈ ವಿಚಾರಣೆಗಳ ದಾಖಲೆಗಳು ಇಂದು ಸಾನ್ ಫ್ರಾನ್ಸಿಸ್ಕೊ ಬಳಿಯ ಸಾನ್ ಬ್ರೂನೊದ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಒಂದೇ ಕಟ್ಟಡದಲ್ಲಿ ಒಂದೇ ಜನರಿಂದ ಎರಡು ಬರವಣಿಗೆಗಳು ಹೊರಟವು ಎಂದಂತಾಯಿತು. ವಿಚಾರಣೆಯ ಕಾಗದದಲ್ಲಿ ಹೆಸರಿದೆ, ವಯಸ್ಸಿದೆ, ಭಾವಚಿತ್ರವಿದೆ. ಆದರೆ ಅನೇಕರ ವಿಷಯದಲ್ಲಿ ಆ ಹೆಸರೇ ಸುಳ್ಳು. ಗೋಡೆಯ ಮೇಲೆ ಹೆಸರಿಲ್ಲ. ಆದರೆ ಹೇಳಿದ ಮಾತು ನಿಜ. ಹೆಸರು ಹೇಳಿದರೆ ಸುಳ್ಳನ್ನೇ ಹೇಳಬೇಕಾದಂತಹ, ನಿಜ ಹೇಳಬೇಕಾದರೆ ಹೆಸರನ್ನೇ ಬಿಡಬೇಕಾದಂತಹ ಸ್ಥಿತಿಯನ್ನು ಆ ಕಾನೂನು ತಂದಿಟ್ಟಿತು. ಈ ಪದ್ಯಗಳ ಅನಾಮಿಕತೆ ಜಾನಪದದ ಅನಾಮಿಕತೆಯಲ್ಲ. ಹಾಡುವವರ ಬಾಯಿಂದ ಬಾಯಿಗೆ ಹೋಗಿ ಕಳೆದ ಹೆಸರಲ್ಲ; ಭಯದಿಂದ ಮುಚ್ಚಿಟ್ಟ ಹೆಸರು. ಈ ಭೇದವನ್ನು ಗಮನಿಸದೆ ಮಾಡುವ ವಿಮರ್ಶೆ ಅಪೂರ್ಣವೆಂದೇ ನಮ್ಮ ಅಭಿಮತ.

ಇನ್ನು ಇವುಗಳಲ್ಲಿರುವ ಹಳೆಯ ಕಥೆಗಳ ವಿಷಯ. ಶತ್ರುಗಳ ಸೆರೆಯಲ್ಲಿ ಹತ್ತೊಂಬತ್ತು ವರ್ಷ ಇದ್ದ ರಾಯಭಾರಿ ಸು ವು, ಬಂಧನದಲ್ಲಿದ್ದ ವೆನ್ ರಾಜ, ದ್ವೀಪದಲ್ಲಿ ಸೆರೆಯಾದ ನೆಪೋಲಿಯನ್ ಇವರೆಲ್ಲ ಮತ್ತೆ ಮತ್ತೆ ಬರುತ್ತಾರೆ. ನಮ್ಮವನೊಬ್ಬನು ಅಲ್ಲಿದ್ದರೆ ನಳನನ್ನೋ ಹರಿಶ್ಚಂದ್ರನನ್ನೋ ನೆನೆಯುತ್ತಿದ್ದನು, ಹಾಗೆ. ಇದನ್ನು ಸವೆದ ಹಾದಿ ಎಂದು ಹಳಿಯುವುದು ಸುಲಭ. ಆದರೆ ಸನ್ನಿವೇಶವನ್ನು ನೋಡಿ. ಹಗಲಿಡೀ ಅಕ್ಕಿಯ ಪೆಟ್ಟಿಗೆಯ ಪ್ರಶ್ನೆಗೆ ಉತ್ತರಿಸಿ, ಕೊಕ್ಕೆಹುಳದ ಪರೀಕ್ಷೆಗೆ ಮಲವನ್ನು ಒಪ್ಪಿಸಿ, ಮೂರಂತಸ್ತಿನ ಮಂಚಗಳ ಸಾಲಿಗೆ ಹಿಂದಿರುಗಿದ ಯುವಕನು ರಾತ್ರಿ ವೆನ್ ರಾಜನನ್ನು ನೆನೆಯುತ್ತಾನೆ. ತಾನು ಬರಿಯ ಕಾಗದವಲ್ಲ, ಒಂದು ಪರಂಪರೆಗೆ ಸೇರಿದವನು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅವನು ಕಲಿತದ್ದು ಹಳ್ಳಿಯ ಶಾಲೆಯ ಕೆಲವು ವರ್ಷಗಳ ಪಾಠ ಮಾತ್ರವಿರಬಹುದು. ಆ ಪಾಠ ಅಲ್ಲಿ ಕೆಲಸಕ್ಕೆ ಬಂತು. ಎಲ್ಲಿಯೋ ಒಬ್ಬ ಬಡ ಉಪಾಧ್ಯಾಯನ ದುಡಿಮೆ ಹೀಗೆ ಸಾರ್ಥಕವಾಯಿತೆಂದು ತಿಳಿದು ನಮಗೆ ಸಂತೋಷವೂ ಆಗುತ್ತದೆ, ಕಣ್ಣೂ ತುಂಬುತ್ತದೆ.

ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಸೇಡಿನ ಪದ್ಯಗಳಲ್ಲಿ ಅಬ್ಬರ ಹೆಚ್ಚು, ಅನುಭವ ಕಡಿಮೆ. ಅದೇ ಠಾಣೆಯಲ್ಲಿ ಜಪಾನಿನವರು, ರಷ್ಯದವರು, ನಮ್ಮ ಪಂಜಾಬಿನವರು ಕೂಡ ಇದ್ದರು. ಪಂಜಾಬಿ ಬರಹಗಳೂ ಆ ಗೋಡೆಗಳಲ್ಲಿ ಸಿಕ್ಕಿವೆ. ಆದರೂ ಪಕ್ಕದ ಕೋಣೆಯವನ ಸುಖದುಃಖ ಈ ಪದ್ಯಗಳಿಗೆ ವಿಷಯವಾಗಿಲ್ಲ. ಸಂಕಲನದ ಬಗ್ಗೆಯೂ ಒಂದು ಮಾತು: ಯಾನ, ಬಂಧನ, ಪ್ರತೀಕಾರ ಎಂಬ ವಿಭಾಗಕ್ರಮ ಸಂಪಾದಕರದು, ಗೋಡೆಯ ಕ್ರಮ ಅದಲ್ಲ. ಅದನ್ನು ಒಂದೇ ಕಥೆಯೆಂದು ಓದಿಬಿಡುವ ಅಪಾಯವಿದೆ. ಹೆಂಗಸರ ಪದ್ಯಗಳಂತೂ ಒಂದೂ ಉಳಿದಿಲ್ಲ. ಅವರನ್ನು ಇಟ್ಟಿದ್ದ ಕಟ್ಟಡವೇ ೧೯೪೦ರ ಬೆಂಕಿಗೆ ಆಹುತಿಯಾಯಿತು.

ಕಾನೂನಿನ ಕಡೆಗೆ ತಿರುಗೋಣ. ೧೮೯೨ರಲ್ಲಿ ಪ್ರತಿಯೊಬ್ಬ ಚೀಣೀ ಕೂಲಿಗಾರನೂ ವಾಸದ ಪ್ರಮಾಣಪತ್ರ ಪಡೆದಿರಬೇಕೆಂದಾಯಿತು. ಇಲ್ಲದವನು ತಾನು ಹಿಂದಿನಿಂದಲೂ ಇದ್ದವನೆಂದು ತೋರಿಸಲು ಕನಿಷ್ಠ ಒಬ್ಬ ಬಿಳಿಯನ ಸಾಕ್ಷ್ಯ ಬೇಕಾಗಿತ್ತು. ಚೀಣೀ ಸಮುದಾಯ ಒಟ್ಟಾಗಿ ಇದನ್ನು ಪ್ರತಿಭಟಿಸಿತು. ೧೮೯೩ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಡೀಪಾರು ಎಂಬುದು ಅಪರಾಧಕ್ಕೆ ವಿಧಿಸುವ ಶಿಕ್ಷೆಯೇ ಅಲ್ಲ, ಆದುದರಿಂದ ಅಪರಾಧಿಗೆ ಸಲ್ಲುವ ರಕ್ಷಣೆಗಳು ಇಲ್ಲಿ ಸಲ್ಲವು ಎಂದು ತೀರ್ಪಿತ್ತಿತು. ಕಳ್ಳನಿಗಿರುವ ರಕ್ಷಣೆ ಕೂಲಿಯವನಿಗಿಲ್ಲ! ೧೮೯೮ರಲ್ಲಿ ಮಾತ್ರ ಅದೇ ನ್ಯಾಯಾಲಯ, ಸಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಅಡಿಗೆಯವ ವಾಂಗ್ ಕಿಮ್ ಆರ್ಕ್‌ನ ಮೊಕದ್ದಮೆಯಲ್ಲಿ, ಆ ನೆಲದಲ್ಲಿ ಹುಟ್ಟಿದವನು ಆ ನೆಲದ ಪ್ರಜೆಯೇ ಎಂದಿತು.

ಮೇಲಿನ ಪದ್ಯಗಳ ಮುಂದಿನ ಕಥೆ ಸಮುದಾಯದ ಬಾಳಿನಲ್ಲಿದೆ. ಪಾಂಡವರ ಅಜ್ಞಾತವಾಸ ಒಂದು ವರ್ಷದ್ದು. ಕಂಕ, ವಲಲ, ಬೃಹನ್ನಳೆ ಎಂಬ ಹೆಸರುಗಳು ವರ್ಷ ತುಂಬಿದೊಡನೆ ಕಳಚಿಬಿದ್ದವು. ಕಾಗದದ ಮಕ್ಕಳ ಅಜ್ಞಾತವಾಸಕ್ಕೆ ಅವಧಿಯಿರಲಿಲ್ಲ. ಸುಳ್ಳು ಹೆಸರಿನಲ್ಲಿಯೇ ಮದುವೆಯಾಗಿ, ಮಕ್ಕಳಿಗೂ ಅದೇ ಹೆಸರು ಕೊಟ್ಟು, ಮಕ್ಕಳಿಂದಲೂ ನಿಜವನ್ನು ಬಚ್ಚಿಟ್ಟು ಬದುಕಿದರು. ಸಂಪಾದಕಿ ಜೂಡಿ ಯಂಗ್ ಅವರ ‘ಯಂಗ್’ ಎಂಬುದೇ ಅವರ ತಂದೆ ೧೯೨೧ರಲ್ಲಿ ಹೊತ್ತುತಂದ ಕಾಗದದ ಹೆಸರು; ಮನೆತನದ ಹೆಸರು ಟಾಮ್. ೧೯೫೬ರಿಂದ ೧೯೬೫ರವರೆಗೆ ಸರಕಾರವು ತಪ್ಪೊಪ್ಪಿಗೆಯ ಯೋಜನೆಯೊಂದನ್ನು ನಡೆಸಿತು. ಆದರೆ ಒಬ್ಬನು ಒಪ್ಪಿಕೊಂಡರೆ ಅವನ ಕಾಗದದ ತಂದೆ, ಅಣ್ಣತಮ್ಮಂದಿರ ಗುಟ್ಟೂ ಬಯಲಾಗುತ್ತಿತ್ತು. ನಿಜ ಹೇಳುವುದೇ ನೆಂಟನಿಗೆ ಮಾಡುವ ದ್ರೋಹವಾದಾಗ, ಒಂದು ಕೇರಿಯ ಜನ ಒಬ್ಬರನ್ನೊಬ್ಬರು ನಂಬುವುದು ಹೇಗೆ?

ಇದೆಲ್ಲ ಹಳೆಯ ಮಾತು ಎನ್ನುವಂತಿಲ್ಲ. ೧೯೬೫ರ ಕಾನೂನು ಜನಾಂಗದ ಅಡ್ಡಗೋಡೆಯನ್ನು ತೆಗೆದ ಮೇಲೆಯೇ ನಮ್ಮವರು ಆ ದೇಶಕ್ಕೆ ಹೆಚ್ಚಿನ ಸಂಖ್ಯೆಯಲ್ಲಿ ಹೋದದ್ದು. ಅದೇ ಕೊಲ್ಲಿಯ ಸುತ್ತ ಇಂದು ಕನ್ನಡ ಕೂಟ ರಾಜ್ಯೋತ್ಸವ ಆಚರಿಸುತ್ತದೆ. ೨೦೨೫ರ ಜನವರಿ ೨೦ರಂದು, ಅನುಮತಿಯಿಲ್ಲದೆ ಇರುವವರಿಗೂ ತಾತ್ಕಾಲಿಕ ವೀಸಾದವರಿಗೂ ಅಲ್ಲಿ ಹುಟ್ಟುವ ಮಕ್ಕಳ ಪೌರತ್ವವನ್ನು ಮೊಟಕುಗೊಳಿಸುವ ಆದೇಶವನ್ನು ಅಮೆರಿಕದ ಅಧ್ಯಕ್ಷರು ಹೊರಡಿಸಿದರು. ಕೆಳಗಿನ ನ್ಯಾಯಾಲಯಗಳು ಅದನ್ನು ತಡೆದಾಗ ಮುಂದಿಟ್ಟದ್ದು ವಾಂಗ್ ಕಿಮ್ ಆರ್ಕ್‌ನ ಆ ೧೮೯೮ರ ತೀರ್ಪನ್ನೇ. ಅದೇ ವರ್ಷ ಫೆಬ್ರವರಿ ೫ರಂದು ೧೦೪ ಮಂದಿ ಭಾರತೀಯರನ್ನು ಕೈಕಾಲುಗಳಿಗೆ ಸಂಕೋಲೆ ತೊಡಿಸಿ ಸೈನಿಕ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದರು. ದೇಶವೊಂದಕ್ಕೆ ತನ್ನ ಬಾಗಿಲನ್ನು ಕಾಯುವ ಹಕ್ಕಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಬಾಗಿಲು ಕಾಯುವ ರೀತಿಯು ಒಳಗಿರುವವರ ನಡತೆಯನ್ನೂ ಕೆಡಿಸಬಲ್ಲುದು ಎಂಬುದಕ್ಕೆ ಆ ಮರದ ಗೋಡೆ ಸಾಕ್ಷಿ.

ಕಾಸರಗೋಡಿನ ಈ ಮೂಲೆಯಲ್ಲಿ ಕುಳಿತು ಇದನ್ನು ಬರೆಯುವಾಗ ನಮ್ಮ ಶಾಲೆಯ ಹಳೆಯ ಎಡ್ಮಿಶನ್ ರಿಜಿಸ್ಟರು ಎದುರಿಗಿದೆ. ಕಳೆದ ತಿಂಗಳು ವೃದ್ಧರೊಬ್ಬರು ಬಂದು, “ಹೆಡ್ಮಾಷ್ಟ್ರೇ, ನನ್ನ ಹೆಸರು ಇದರಲ್ಲಿ ಒಂದು ರೀತಿ, ರೇಶನ್ ಕಾರ್ಡಿನಲ್ಲಿ ಇನ್ನೊಂದು ರೀತಿ. ನಾನು ಯಾರೆಂದು ನೀವೇ ಬರೆದು ಕೊಡಬೇಕಷ್ಟೆ” ಎಂದರು. ಎರಡು ಭಾಷೆಗಳ ನಡುವೆ ಒಂದು ದೀರ್ಘ ಎಲ್ಲಿಯೋ ಜಾರಿಹೋಗಿತ್ತು. ಬರೆದು ಕೊಟ್ಟೆವು, ಅರ್ಧ ಗಂಟೆಯ ಕೆಲಸ. ಸ್ವಂತ ದೇಶದಲ್ಲಿ, ಸ್ವಂತ ಊರಿನಲ್ಲಿ ಇರುವ ನಮ್ಮ ಈ ತೊಂದರೆಯನ್ನು ಏಂಜಲ್ ದ್ವೀಪದ ದುಃಖಕ್ಕೆ ಹೋಲಿಸುವುದು ಸಲ್ಲದು. ಆದರೂ ಅಂದಿನಿಂದ ಹೊಸ ಮಗುವಿನ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುವಾಗ, ಮನೆಯಲ್ಲಿ ಕರೆಯುವುದು ಹೇಗೆ ಎಂದು ತಾಯಿಯನ್ನು ಎರಡು ಸಲ ಕೇಳಿಯೇ ಬರೆಯುತ್ತಿದ್ದೇವೆ.