ಶೆಟ್ಟಿಹಳ್ಳಿಯ ಇಗರ್ಜಿ: ಕಪ್ಪು-ಬಿಳುಪಿನ ಚಿತ್ರಗಳನ್ನು ಕುರಿತು

ಹಳೆಯ ಕಟ್ಟಡವನ್ನು ಕಪ್ಪು-ಬಿಳುಪಿನಲ್ಲಿ ತೋರಿಸಿದರೆ ಅದಕ್ಕೆ ಗಾಂಭೀರ್ಯ ತಾನಾಗಿಯೇ ಒದಗುತ್ತದೆಂಬ ನಂಬಿಕೆ ಛಾಯಾಚಿತ್ರಕಾರರಲ್ಲಿ ಬಲವಾಗಿ ಬೇರೂರಿದೆ. ಸಕಲೇಶಪುರ, ಆಲೂರು ಸೀಮೆಯ ಕಟ್ಟಡಗಳ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಲ್ಲಿ ಈ ನಂಬಿಕೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದು ವೇದ್ಯವಾಗುತ್ತದೆ.

ಈ ನಂಬಿಕೆಯ ಮೂಲ ಅನಿವಾರ್ಯತೆಯಲ್ಲಿದೆ. ಪಿಗೌ, ನೀಲ್, ಬಿಗ್ಸ್ ಎಂಬುವರು ತೆಗೆದ ಧಾರವಾಡ ಹಾಗೂ ಮೈಸೂರು ಸೀಮೆಯ ವಾಸ್ತುಶಿಲ್ಪದ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹಗಳೊಡನೆ 1866ರಲ್ಲಿ ಗ್ರಂಥವಾಗಿ ಪ್ರಕಟವಾದಾಗ ಬಣ್ಣವನ್ನು ಹಿಡಿಯುವ ಸಾಧನವೇ ಛಾಯಾಚಿತ್ರಕಾರರ ಕೈಯಲ್ಲಿರಲಿಲ್ಲ. ಅಂದಿನ ರಾಸಾಯನಿಕ ಲೇಪ ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತು, ಕೆಂಪಿಗೆ ಸ್ಪಂದಿಸುತ್ತಿರಲಿಲ್ಲ. ಆದಕಾರಣ ಆಕಾಶ ಬೆಳ್ಳಗೆ ಬರಿದಾಗಿಯೂ ಕೆಂಪು ವಸ್ತುಗಳು ಕಪ್ಪಾಗಿಯೂ ಮೂಡುತ್ತಿದ್ದವು. ಸಾಧನದ ಈ ಕೊರತೆಯನ್ನೇ ಮುಂದಿನವರು ಪ್ರಾಚೀನತೆಯ ಲಕ್ಷಣವೆಂದು ಭಾವಿಸಿದರು. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಬಹುಪಾಲು ಮೊದಲು ಬಣ್ಣವನ್ನೇ ದಾಖಲಿಸುತ್ತವೆ. ಅದನ್ನು ಅಳಿಸುವುದು ಆಮೇಲಿನ ಕೆಲಸ. ಅಳಿಸಿದವರು ಅದಕ್ಕೆ ಕಾರಣ ಹೇಳಬೇಕಾಗುತ್ತದೆ.

ಕೆಲವೆಡೆ ಕಾರಣ ಸ್ಪಷ್ಟವಾಗಿಯೇ ಇದೆ. ಟಿಪ್ಪೂಸುಲ್ತಾನನು 1792ರಲ್ಲಿ ಕಟ್ಟಿಸಿದ ಮಂಜರಾಬಾದಿನ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯಲ್ಲಿ ಮುಖ್ಯವಾದುದು ಆಕೃತಿ. ಗೋಡೆಯ ಕೋನ, ನೆರಳಿನ ಅಂಚು, ನಡುವಣ ಕೊಳ ಇವೆಲ್ಲ ಬಣ್ಣವಿಲ್ಲದೆಯೇ ಸ್ಫುಟವಾಗಿ ಕಾಣುತ್ತವೆ. ಮಂಜು ಕವಿದ ದಿನವಂತೂ ಬೆಟ್ಟವೇ ಕಪ್ಪು-ಬಿಳುಪಾಗಿರುತ್ತದೆ. ಹೇಮಾವತಿಯ ದಡದ ಸಕಲೇಶ್ವರ ದೇವಾಲಯದ ಕೆತ್ತನೆಗೂ ಓರೆಯಾಗಿ ಬಿದ್ದ ಬೆಳಕು ಸಾಕು. ಇಲ್ಲಿ ಬಣ್ಣವನ್ನು ಬಿಟ್ಟರೆ ನಷ್ಟವೇನೂ ಇಲ್ಲ.

ಶೆಟ್ಟಿಹಳ್ಳಿಯ ಸಂಗತಿ ಹಾಗಲ್ಲ. ಹಾಸನ ತಾಲ್ಲೂಕಿಗೆ ಸೇರಿದ್ದರೂ ಆಲೂರಿನ ಸೀಮೆಗೆ ಸಮೀಪವಾಗಿರುವ ಈ ಇಗರ್ಜಿಯನ್ನು 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡು ಜಲಾಶಯ ತುಂಬಿದಾಗ ಸುತ್ತಣ ಹಳ್ಳಿಗಳು ಮುಳುಗಿದವು, ಜನ ಒಕ್ಕಲೆದ್ದರು, ಇಗರ್ಜಿ ಬರಿದಾಯಿತು. ಇಂದು ಅದಕ್ಕೆ ಮಾಡಿಲ್ಲ. ಗಾರೆ ಉದುರಿ ಇಟ್ಟಿಗೆ ಹೊರಗೆ ಕಾಣುತ್ತಿದೆ. ಮಳೆಗಾಲದಲ್ಲಿ ನೀರು ಏರಿ ಅರ್ಧ ಗೋಡೆಯನ್ನು ನುಂಗುತ್ತದೆ, ಬೇಸಗೆಯಲ್ಲಿ ಹಿಂದೆ ಸರಿಯುತ್ತದೆ.

ಈ ಕಟ್ಟಡವನ್ನು ಕಪ್ಪು-ಬಿಳುಪಿನಲ್ಲಿ, ಮೋಡ ಕವಿದ ಆಕಾಶದ ಕೆಳಗೆ ತೋರಿಸುವ ಚಿತ್ರಗಳು ಹೇರಳವಾಗಿವೆ. ನೋಡಲು ಸೊಗಸಾಗಿಯೇ ಇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಏನು ಹೇಳುತ್ತವೆ? ಶತಮಾನಗಳ ಹಿಂದೆ ಕಾಲವೇ ಕೆಡವಿದ ಪಾಳು ಎಂದು ಹೇಳುತ್ತವೆ. ವಾಸ್ತವದಲ್ಲಿ ಇದನ್ನು ಪಾಳುಗೆಡವಿದ್ದು ಕಾಲವಲ್ಲ, ಒಂದು ಯೋಜನೆ. ಆ ಅಣೆಕಟ್ಟಿನಿಂದ ಎಷ್ಟೋ ಹೊಲಗಳಿಗೆ ನೀರು ಹರಿದಿದೆ, ಅದು ಬೇರೆ ವಿಚಾರ. ಮನೆ ಬಿಟ್ಟವರಲ್ಲಿ ಇನ್ನೂ ಬದುಕಿರುವವರು ಉಂಟು. ಅವರ ಕಣ್ಣೆದುರಿಗೇ ನಡೆದುದನ್ನು ಪುರಾತನವೆಂದು ಮರೆಮಾಡುವ ಚಿತ್ರ ಎಷ್ಟು ಸುಂದರವಾದರೂ ಸತ್ಯಕ್ಕೆ ದೂರ.

ಇದಲ್ಲದೆ ತಾಂತ್ರಿಕವಾದ ಒಂದು ತೊಡಕೂ ಇದೆ. ಇಟ್ಟಿಗೆಯ ಕೆಂಪೂ ಪಾಚಿಯ ಹಸಿರೂ ಒಂದೇ ಪ್ರಮಾಣದ ಹೊಳಪಿನವಾದರೆ ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದುಬಣ್ಣವಾಗಿ ಬೆರೆತುಹೋಗುತ್ತವೆ. ಗಾರೆ ಎಲ್ಲಿಯವರೆಗೆ ಉಳಿದಿದೆ, ತೇವ ಎಲ್ಲಿಯವರೆಗೆ ಏರಿದೆ, ನೀರಿನ ಕಲೆ ಯಾವ ಎತ್ತರದಲ್ಲಿ ನಿಂತಿದೆ ಎಂಬ ವಿವರಗಳು ಬಣ್ಣದ ಚಿತ್ರದಲ್ಲಿ ಸುಲಭವಾಗಿ ಓದಲು ಸಿಗುತ್ತವೆ. ಕಟ್ಟಡ ಸ್ಥಾವರ, ಅದರ ಮೈಮೇಲಿನ ಬಣ್ಣ ಮಾತ್ರ ವರ್ಷದಿಂದ ವರ್ಷಕ್ಕೆ ಚಲಿಸುವಂಥದು. ದುರಸ್ತಿಗೆ ತೊಡಗುವವರಿಗೆ ಬೇಕಾಗುವುದು ಈ ಚಲನೆಯ ದಾಖಲೆ.

ಹಾಗೆಂದು ಬಣ್ಣದ ಚಿತ್ರಗಳೆಲ್ಲವೂ ಪ್ರಾಮಾಣಿಕವೆಂದಲ್ಲ. ಹುಲ್ಲನ್ನು ಗಿಳಿಹಸಿರಾಗಿಯೂ ಸಂಜೆಯನ್ನು ಕುಂಕುಮದಂತೆಯೂ ತೀಡಿದ ಚಿತ್ರಗಳಿಗೆ ಬರವಿಲ್ಲ. ಮದುವೆಯ ಚಪ್ಪರಕ್ಕೆ ಒಪ್ಪುವ ಆ ಅಲಂಕಾರ ಪಾಳುಗೋಡೆಗೆ ಒಪ್ಪದು. ಬಣ್ಣದ ಮುದ್ರಣ ಬೇಗ ಮಾಸುತ್ತದೆ, ಬೆಳ್ಳಿಲವಣದ ಕಪ್ಪು-ಬಿಳುಪು ಬಹುಕಾಲ ನಿಲ್ಲುತ್ತದೆ ಎಂಬ ಹಳೆಯ ಆಕ್ಷೇಪಣೆಯಲ್ಲಿಯೂ ಹುರುಳಿದೆ. ಆದುದರಿಂದ ಮೂಲ ಬಣ್ಣದ ಪ್ರತಿಯನ್ನು ತಿದ್ದದೆ ಇರಿಸಿಕೊಂಡು, ಕಪ್ಪು-ಬಿಳುಪಿನ ಪ್ರತಿಯನ್ನು ಬೇರೆಯಾಗಿ ಮಾಡಿಕೊಳ್ಳುವುದು ಯುಕ್ತ. ಎರಡರ ಕೆಳಗೂ ತಿಂಗಳು, ವರ್ಷ ಬರೆದಿರಬೇಕು. ಶೆಟ್ಟಿಹಳ್ಳಿಯ ಚಿತ್ರದ ಕೆಳಗೆ ಜಲಾಶಯದ ಅಂದಿನ ನೀರಿನ ಮಟ್ಟವನ್ನೂ ನಮೂದಿಸಿದರೆ ಮತ್ತೂ ಒಳಿತು.