ಫಿರಂಗಿಯಿಂದ ಬಂದ ನಿಖರತೆ
ಲೋಹಕ್ಕೆ ತೂತು ಕೊರೆಯುವುದು ದೊಡ್ಡ ವಿದ್ಯೆಯಲ್ಲ. ಆ ತೂತು ಉದ್ದಕ್ಕೂ ನೇರವಾಗಿ, ದುಂಡಗೆ ಇರುವಂತೆ ನೋಡಿಕೊಳ್ಳುವುದು ವಿದ್ಯೆ. ಇಂಗ್ಲೆಂಡಿನಲ್ಲಿ ಹಿಂದೆ ಫಿರಂಗಿಯನ್ನು ಟೊಳ್ಳಾಗಿಯೇ ಎರಕ ಹೊಯ್ದು, ಆಮೇಲೆ ಒಳಮೈ ಹೆರೆಯುತ್ತಿದ್ದರು. ಎರಕ ಸೊಟ್ಟಗಿದ್ದರೆ ಉಳಿಯೂ ಅದೇ ಸೊಟ್ಟ ಹಾದಿ ಹಿಡಿಯುತ್ತಿತ್ತು. ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ 1774ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಫಿರಂಗಿಯದು ಗಟ್ಟಿ ಎರಕ. ಲೇತಿಗೆ ಕಟ್ಟಿದಂತೆ ಫಿರಂಗಿಯೇ ತಿರುಗುತ್ತದೆ, ಉಳಿ ತಿರುಗದೆ ಮುಂದೆ ಸಾಗುತ್ತದೆ. ಹಾಗೆ ಮಾಡಿದರೆ ಕೊರೆತ ನಡುಗೆರೆ ಬಿಟ್ಟು ಅಲೆಯುವುದು ಕಡಿಮೆ. ರೈಫಲ್ಲಿನಲ್ಲಿ ತೋಟಾ ಕೂರುವ ಗೂಡನ್ನು ಲೇತಿನಲ್ಲಿ ಕೊರೆಯುವವರು ಇಂದಿಗೂ ನಳಿಗೆಯನ್ನೇ ತಿರುಗಿಸುತ್ತಾರೆ.

ಫಿರಂಗಿಯನ್ನೇ ತಿರುಗಿಸಿ ಕೊರೆಯುವುದು ವಿಲ್ಕಿನ್ಸನ್ನನ ಸ್ವಂತ ಕಲ್ಪನೆಯಲ್ಲ ಎಂಬ ಆಕ್ಷೇಪ ನಿಜವೇ. ಯುರೋಪಿನಲ್ಲಿ ಮಾರಿಟ್ಜ್, ಇಂಗ್ಲೆಂಡಿನ ವುಲಿಚ್‌ನಲ್ಲಿ ವೆರ್ಬ್ರುಗನ್ ಎಂಬ ಫಿರಂಗಿ ಎರಕಗಾರರು ಮೊದಲೇ ಹೀಗೆ ಕೊರೆದಿದ್ದರು. 1779ರಲ್ಲಿ ಪೇಟೆಂಟೂ ರದ್ದಾಯಿತು. ನನ್ನ ಮೆಚ್ಚುಗೆ ಅವನ ಮುಂದಿನ ಹೆಜ್ಜೆಗೆ. ಜೇಮ್ಸ್ ವಾಟ್‌ನ ಉಗಿಯಂತ್ರ ಸಿಲಿಂಡರ್ ಸೋರಿ ವರ್ಷಗಟ್ಟಲೆ ಕುಂಟುತ್ತಿತ್ತು. ಕೊರೆಯುವ ಉಳಿಯನ್ನು ಹೊತ್ತ ದಂಡ ಒಂದೇ ಕಡೆ ಆತುಕೊಂಡಿದ್ದರೆ ತನ್ನ ಭಾರಕ್ಕೇ ಬಾಗುತ್ತದೆ. ಸಿಲಿಂಡರಿಗೋ ಎರಡೂ ತುದಿ ತೆರೆದಿರುತ್ತದೆ. ವಿಲ್ಕಿನ್ಸನ್ ದಂಡವನ್ನು ಅದರೊಳಗೆ ಹಾಯಿಸಿ ಎರಡೂ ಕಡೆ ಆಧಾರ ಕೊಟ್ಟ. ಇಷ್ಟೇ! 50 ಅಂಗುಲ ಅಡ್ಡಳತೆಯಲ್ಲಿ ತಪ್ಪು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪವನ್ನೂ ಮುಟ್ಟಲಿಲ್ಲವೆಂದು ವಾಟ್‌ನ ಪಾಲುದಾರ ಬೌಲ್ಟನ್ ಬರೆದ. ಇಂದಿನ ಲೇತ್ ಕೆಲಸಗಾರ ಈ ಅಳತೆ ಕೇಳಿ ನಕ್ಕಾನು. ಆದರೆ ನಿಖರತೆಯನ್ನು ಕೆಲಸದ ಅಗತ್ಯದಿಂದಲೇ ತೂಗಬೇಕು. ಅಂದಿನ ಉಗಿಗೆ ಅಷ್ಟು ಸಾಕಾಯಿತು. ಮುಂದೆ 1795ರ ಹೊತ್ತಿನವರೆಗೂ ಬೌಲ್ಟನ್-ವಾಟ್ ಯಂತ್ರಗಳ ಬಹುಪಾಲು ಸಿಲಿಂಡರುಗಳು ಬಂದದ್ದು ವಿಲ್ಕಿನ್ಸನ್ನನ ಕಾರ್ಖಾನೆಗಳಿಂದಲೇ.