ಎರಡು ಹೆಸರು, ಒಂದೇ ಸ್ನಾನ

ಜೀವನ್ ಬಿಮಾ ನಗರದ ಕ್ರೈಸ್ತ ಕುಟುಂಬಗಳನ್ನು ಮಾತಿಗೆಳೆದರೆ ಒಂದೇ ಸಂಸ್ಕಾರಕ್ಕೆ ಹಲವು ಹೆಸರುಗಳು ಕಿವಿಗೆ ಬೀಳುತ್ತವೆ. ತಮಿಳರ ಮನೆಯಲ್ಲಿ ಅದು ‘ಜ್ಞಾನಸ್ನಾನ’; ಮಲಯಾಳಿಗಳಲ್ಲಿ ಸಿರಿಯಾಕ್ ಮೂಲದ ‘ಮಾಮ್ಮೋದೀಸಾ’; ಕೊಂಕಣಿಗರಲ್ಲಿ ಗ್ರೀಕ್ ಪದದಿಂದಲೇ ಇಳಿದುಬಂದ ‘ಬಾಪ್ತಿಸ್ಮ್’. ಕನ್ನಡ ಕಥೋಲಿಕರಲ್ಲಿ ಹಿರಿಯರು ‘ಜ್ಞಾನಸ್ನಾನ’ ಎಂದರೆ, ಕನ್ನಡ ಬೈಬಲ್ ‘ದೀಕ್ಷಾಸ್ನಾನ’ ಎನ್ನುತ್ತದೆ. ಈ ಎರಡು ಕನ್ನಡ ಪದಗಳನ್ನು ತುಸು ಒರೆಗೆ ಹಚ್ಚಿ ನೋಡೋಣ.

‘ಜ್ಞಾನಸ್ನಾನ’ ಹಳತಾಯಿತೆಂದು ಬದಿಗೊತ್ತುವುದು ನ್ಯಾಯವಲ್ಲ. ಎರಡನೆಯ ಶತಮಾನದಲ್ಲೇ ಸಂತ ಜಸ್ಟಿನರು ಈ ಸ್ನಾನಕ್ಕೆ ‘ಬೆಳಗುವಿಕೆ’ ಎಂಬ ಹೆಸರಿತ್ತೆಂದು ಬರೆದಿದ್ದಾರೆ. ಆದರೂ ನನ್ನ ಒಲವು ‘ದೀಕ್ಷೆ’ಯ ಕಡೆಗೇ. ಜ್ಞಾನವು ಪಡೆದವನ ಸ್ವಂತ ಸೊತ್ತಾಗಿ ಉಳಿದುಬಿಡಬಹುದು. ದೀಕ್ಷೆ ಹಾಗಲ್ಲ. ಶರಣರ ಲಿಂಗದೀಕ್ಷೆಯನ್ನು ಕಂಡ ಈ ನಾಡಿನಲ್ಲಿ ದೀಕ್ಷೆಯೆಂದರೆ ಗುರು ಕೊಡುವುದು, ಪಡೆದವನು ಬಾಳಿನುದ್ದಕ್ಕೂ ಹೊರುವುದು.

ತೊಡಕಿರುವುದು ಎರಡೂ ಪದಗಳಿಗೆ ಸಮಾನವಾದ ‘ಸ್ನಾನ’ದಲ್ಲಿ. ಸ್ನಾನ ನಮಗೆ ದಿನನಿತ್ಯದ್ದು. ಕೊಳೆ ಹೋಗಲು, ಮಡಿಯಾಗಲು, ಸೂತಕ ಕಳೆಯಲು ಮತ್ತೆ ಮತ್ತೆ ಮಾಡುವಂಥದು. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಅಲ್ಲಿ ನೀರು ಬಚ್ಚಲಿನ ನೀರಲ್ಲ, ಸಮಾಧಿ. ಕ್ರಿಸ್ತರೊಡನೆ ಸತ್ತು, ಹೂಳಲ್ಪಟ್ಟು, ಹೊಸ ಬಾಳಿಗೆ ಏಳುವ ತಾಣ. ಸಾವಿನ ಈ ಭಾರ ‘ಸ್ನಾನ’ ಎಂಬ ಪದಕ್ಕಿಲ್ಲ. ಬದಲಿಗೆ ಮಡಿಮೈಲಿಗೆಯ ವಾಸನೆ ಅದಕ್ಕೆ ಅಂಟಿಕೊಂಡಿದೆ. ಯೆಹೂದ್ಯ, ಗ್ರೀಕ, ಒಡೆಯ, ಆಳು ಎಂಬ ಭೇದಗಳೆಲ್ಲ ಇದೇ ದೀಕ್ಷೆಯಲ್ಲಿ ಅಳಿಯುತ್ತವೆಂದು ಗಲಾತ್ಯರಿಗೆ ಬರೆದವರೂ ಅದೇ ಪೌಲರು.

ಪದದ ಈ ಕೊರತೆ ನಮ್ಮ ಮನೆಗಳ ಒಳಗೂ ಬಂದಿದೆ. ‘ಎಳವೆಯಲ್ಲಿ ಹಣೆಗೆ ನೀರು ಹಾಕಿಸಿಕೊಂಡದ್ದು ಸ್ನಾನವೇ ಅಲ್ಲ, ಬನ್ನಿ, ಮುಳುಗಿಸುತ್ತೇವೆ’ ಎಂಬ ಕರೆಗೆ ಓಗೊಟ್ಟು ಮತ್ತೊಮ್ಮೆ ನೀರಿಗಿಳಿದವರುಂಟು. ಅದರಿಂದಾಗಿ ಒಡಹುಟ್ಟಿದವರೇ ಒಬ್ಬರ ಮನೆಯ ಶುಭಕಾರ್ಯಕ್ಕೆ ಇನ್ನೊಬ್ಬರು ಕಾಲಿಡದ ಕುಟುಂಬಗಳೂ ಉಂಟು. ಕರೆಯುವವರ ಶ್ರದ್ಧೆಯನ್ನು ಹೀಗಳೆಯಬೇಕಿಲ್ಲ. ಮೂಲ ಗ್ರೀಕ್ ಪದಕ್ಕೆ ‘ಮುಳುಗಿಸು’ ಎಂಬ ಅರ್ಥವಿರುವುದು ನಿಜ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವೂ ಮೂರು ಬಾರಿ ಮುಳುಗಿಸುವುದೇ ಹೆಚ್ಚು ಅರ್ಥಪೂರ್ಣವೆಂದು ಹೇಳುತ್ತದೆ. ಆದರೆ ಆದಿಸಭೆಯ ‘ದಿದಖೆ’ ಎಂಬ ಪುಟ್ಟ ಕೈಪಿಡಿಯ ಕ್ರಮವನ್ನು ನೋಡಿ: ಹರಿಯುವ ನೀರು ಬೇಕು, ಇಲ್ಲವಾದರೆ ಬೇರೆ ನೀರು, ಅದೂ ಒದಗದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ಬೆಂಗಳೂರಿಗೆಂದೇ ಬರೆದಂತಿದೆ! ನೀರಿನ ಅಳತೆಯಿಂದ ಸಂಸ್ಕಾರ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ. ಧರ್ಮಸಭೆಯ ಕಾನೂನಿನ 845ನೆಯ ವಿಧಿಯಂತೆ ಈ ಸಂಸ್ಕಾರವನ್ನು ಮರಳಿ ನೀಡುವಂತಿಲ್ಲ. ಅನೇಕ ಸಭೆಗಳ ಪ್ರತಿನಿಧಿಗಳು 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಒಪ್ಪಿದ ದಾಖಲೆಯ ನಿಲುವೂ ಅದೇ. ಹುಟ್ಟುವುದು ಒಮ್ಮೆ, ಸಾಯುವುದೂ ಒಮ್ಮೆ.

ಇನ್ನು ನಮ್ಮ ಕಡೆಯ ಲೋಪ. ಸ್ನಾನವೆಂದು ಹೆಸರಿಟ್ಟುಕೊಂಡು ನಾವು ಹಲವೊಮ್ಮೆ ಮುಗಿಸುವುದು ಕಾಗೆಸ್ನಾನದಲ್ಲಿ. ಮಗುವಿನ ಹೊಸ ಬಟ್ಟೆ ನೆನೆಯಬಾರದು, ಫೋಟೋ ಕೆಡಬಾರದು, ಆದ್ದರಿಂದ ಮೂರೇ ಹನಿ! 854ನೆಯ ವಿಧಿ ಹೆಸರಿಸುವುದು ಮುಳುಗಿಸುವುದನ್ನು ಮತ್ತು ಸುರಿಯುವುದನ್ನು, ಚಿಮುಕಿಸುವುದನ್ನಲ್ಲ. ಬೊಗಸೆ ತುಂಬ ನೀರು ಎಳೆಯ ನೆತ್ತಿಯ ಮೇಲಿಂದ ಹರಿಯುವುದು ನೆರೆದವರಿಗೆ ಕಾಣಲಿ, ಮಗು ಅಳಲಿ. ನಮ್ಮ ಬಡಾವಣೆಯ ಹೆಸರು ಜೀವವಿಮೆಯದು, ಸರಿ. ದೀಕ್ಷಾಸ್ನಾನವೂ ಒಂದು ಕಂತು ಕಟ್ಟಿ ಪತ್ರವನ್ನು ಕಪಾಟಿನಲ್ಲಿಡುವ ವಿಮೆಯಾಗಬೇಕೇ? ಮಗು ವಿಶ್ವಾಸದಲ್ಲಿ ಬೆಳೆದೀತೆಂಬ ಆಧಾರವುಳ್ಳ ಭರವಸೆಯನ್ನು 868ನೆಯ ವಿಧಿ ಕೇಳುತ್ತದೆ. ಆ ಭರವಸೆಯನ್ನು ಕೊಡಬೇಕಾದವರು ತಂದೆತಾಯಿಗಳು.

ಪಾಸ್ಖ ಜಾಗರಣೆಯ ರಾತ್ರಿ ಉರಿಯುವ ಮೇಣದಬತ್ತಿ ಹಿಡಿದು ನಾವು ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸಿದ ಮೇಲೆ ಗುರುಗಳು ಪವಿತ್ರಜಲವನ್ನು ಪ್ರೋಕ್ಷಿಸುತ್ತಾರೆ. ಅಲ್ಲಿ ಹನಿಗಳೇ ಸಾಕು, ಏಕೆಂದರೆ ಅದು ನೆನಪು. ಮತ್ತೊಮ್ಮೆ ಮುಳುಗಲು ಹೋದವರ ಮನಸ್ಸು ಹಂಬಲಿಸಿದ್ದು ಬಹುಶಃ ಇದನ್ನೇ. ಮುಂದಿನ ಜಾಗರಣೆಗೆ ಹೀಗೆ ದೂರವಾದ ಅಣ್ಣನನ್ನೋ ಅಕ್ಕನನ್ನೋ ಕರೆದು, ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರ ಕೈಗೂ ಒಂದು ಬತ್ತಿ ಕೊಡಿ.